ಹಳೆಯ ಯಂತ್ರದ ಜೀರ್ಣೋದ್ಧಾರ

ದೇವಾಲಯವು ಜೀರ್ಣವಾದಾಗ ಅದನ್ನು ಉದ್ಧರಿಸಬೇಕಾದ ಕ್ರಮವನ್ನು ನಮ್ಮ ಆಗಮಗಳು ವಿಸ್ತಾರವಾಗಿ ಹೇಳಿವೆ. ಗೋಡೆಯು ಬಿರಿದಿತೆಂದು ಕೂಡಲೆ ಹಾರೆ ಗುದ್ದಲಿಗಳನ್ನು ತರುವಂತಿಲ್ಲ. ಮೊದಲು ಮೂಲಬಿಂಬದ ಸಾನ್ನಿಧ್ಯವನ್ನು ಕುಂಭಕ್ಕೆ ಆವಾಹನೆ ಮಾಡಿ, ಪಕ್ಕದಲ್ಲಿ ಒಂದು ಚಿಕ್ಕ ಗುಡಿಯನ್ನು ಏರ್ಪಡಿಸಿ, ನಿತ್ಯಪೂಜೆಯು ಒಂದು ದಿನವೂ ಲೋಪವಾಗದಂತೆ ಅಲ್ಲಿ ನಡೆಯಿಸಬೇಕು. ಇದಕ್ಕೆ ಬಾಲಾಲಯವೆಂದು ಹೆಸರು. ಆಮೇಲೆ ದೊಡ್ಡ ಗುಡಿಯ ಕಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು, ಗಟ್ಟಿಯಾದುದನ್ನು ಉಳಿಸಿಕೊಳ್ಳಬೇಕು, ಕೆಟ್ಟುದನ್ನು ಮಾತ್ರ ಬದಲಾಯಿಸಬೇಕು, ಬದಲಾಯಿಸುವಾಗಲೂ ಹಿಂದಿನವರ ಅಳತೆಯನ್ನು ಮೀರಬಾರದು. ಕೆಲಸವು ಮುಗಿದ ಬಳಿಕ ಸಾನ್ನಿಧ್ಯವನ್ನು ಮೂಲಸ್ಥಾನಕ್ಕೆ ಮತ್ತೆ ಬರಮಾಡಿಕೊಳ್ಳುವುದು. ಹೊಸ ಗುಡಿಯನ್ನು ಕಟ್ಟಿಸುವುದಕ್ಕಿಂತ ಹಳೆಯದನ್ನು ಉದ್ಧರಿಸುವುದು ಹೆಚ್ಚಿನ ಪುಣ್ಯವೆಂದು ಹಿರಿಯರು ಹೇಳುವರು. ಹೆಚ್ಚಿನ ಕಷ್ಟವೆಂಬುದನ್ನಂತೂ ಅದಕ್ಕೆ ಕೈಹಾಕಿದವರೆಲ್ಲರೂ ಬಲ್ಲರು.

ಈ ಮಾತನ್ನು ಒಂದು ಕಂಪ್ಯೂಟರಿಗೆ ಅನ್ವಯಿಸಿದರೆ ಅನೇಕರಿಗೆ ನಗೆ ಬರಬಹುದು. ದೇವಾಲಯವು ಸಾವಿರ ವರ್ಷ ನಿಲ್ಲಲೆಂದು ಕಟ್ಟಿದುದು. ಕಂಪ್ಯೂಟರಾದರೋ ಐದು ವರ್ಷಕ್ಕೆ ಹಳತಾಗಿ, ಹತ್ತು ವರ್ಷಕ್ಕೆ ಅಟ್ಟವನ್ನು ಸೇರಿ, ಹದಿನೈದನೆಯ ವರ್ಷಕ್ಕೆ ಗುಜರಿಯವನ ತಕ್ಕಡಿಯನ್ನೇರುವ ವಸ್ತು. ಅಂಥದನ್ನು ಉದ್ಧರಿಸುವುದೆಂದರೇನು? ಆದರೂ ಈಚಿನ ವರ್ಷಗಳಲ್ಲಿ ಲೋಕದ ನಾನಾ ದೇಶಗಳಲ್ಲಿ ಇಂಥ ಒಂದು ಹವ್ಯಾಸವು ಬೆಳೆದಿದೆ. ೧೯೮೦ ಮತ್ತು ೧೯೯೦ರ ದಶಕಗಳ ಕಂಪ್ಯೂಟರುಗಳ ಅಂಗಾಂಗಗಳನ್ನು ಹುಡುಕಿ ತಂದು, ತೊಳೆದು, ಬೆಸೆದು, ಜೋಡಿಸಿ, ಆ ಕಾಲದ ಆಟಗಳನ್ನು ಆ ಕಾಲದ ಯಂತ್ರದಲ್ಲಿಯೇ ಆಡುವ ಹವ್ಯಾಸವದು. ೧೯೮೯ರಲ್ಲಿ ಇಂಟೆಲ್ ಸಂಸ್ಥೆಯವರು ಪ್ರಕಟಿಸಿದ ೪೮೬ ಎಂಬ ಚಿಪ್ಪಿನಲ್ಲಿ ಸುಮಾರು ೧೨ ಲಕ್ಷ ಟ್ರಾನ್ಸಿಸ್ಟರುಗಳಿದ್ದುವು. ಅಂದಿಗೆ ಅದು ಅದ್ಭುತ. ಇಂದಿನ ಉತ್ತಮ ದರ್ಜೆಯ ಫೋನಿನ ಚಿಪ್ಪಿನಲ್ಲಿ ೧,೦೦೦ ಕೋಟಿಗೂ ಮೀರಿದ ಟ್ರಾನ್ಸಿಸ್ಟರುಗಳಿವೆ. ಜೇಬಿನಲ್ಲಿ ಆನೆಯನ್ನಿಟ್ಟುಕೊಂಡವರು ಅಟ್ಟದ ಮೇಲಿನ ಇರುವೆಯನ್ನು ಹುಡುಕಿಕೊಂಡು ಹೋಗುವುದೇಕೆ?

ಬೆಂಗಳೂರಿನಲ್ಲಿರುವ ಒಬ್ಬ ಗೃಹಸ್ಥರ ವೃತ್ತಾಂತದಿಂದ ಈ ಪ್ರಶ್ನೆಗೆ ಸ್ವಲ್ಪಮಟ್ಟಿಗೆ ಉತ್ತರ ದೊರೆಯುತ್ತದೆ. ಅವರಿಗೆ ಈಗ ನಾಲ್ವತ್ತೈದರ ವಯಸ್ಸು; ಸಾಫ್ಟ್‌ವೇರು ಬರೆಯುವ ಉದ್ಯೋಗ. ಮನೆಯಲ್ಲಿ ತಾಯಿ, ಪತ್ನಿ, ಹನ್ನೊಂದು ವರ್ಷದ ಮಗಳು. ತಂದೆಯವರು ತೀರಿಕೊಂಡು ಆರು ವರ್ಷಗಳಾದುವು. ಆ ತಂದೆಯವರು ಒಂದು ಕಚೇರಿಯಲ್ಲಿ ಲೆಕ್ಕದ ಗುಮಾಸ್ತರಾಗಿದ್ದವರು. ೧೯೯೧ರಲ್ಲಿ ಆ ಕಚೇರಿಗೆ ಮೊಟ್ಟಮೊದಲ ಕಂಪ್ಯೂಟರು ಬಂದಿತು. ಅದಕ್ಕೆ ಪ್ರತ್ಯೇಕ ಕೊಠಡಿ, ತಂಪುಗಾಳಿಯ ಏರ್ಪಾಡು, ಬಾಗಿಲಲ್ಲಿ ಚಪ್ಪಲಿಯನ್ನು ಬಿಟ್ಟು ಒಳಗೆ ಹೋಗಬೇಕೆಂಬ ನಿಯಮ. ದೇವರ ಮನೆಗೆ ಸಲ್ಲುವ ಮರ್ಯಾದೆಯೆಲ್ಲ ಅದಕ್ಕೂ ಸಲ್ಲುತ್ತಿದ್ದಿತು. ಗುಮಾಸ್ತರು ಅದರ ಕೆಲಸವನ್ನು ಕಲಿತು, ಮೇಲಧಿಕಾರಿಗಳ ಅನುಮತಿಯನ್ನು ಪಡೆದು, ಕೆಲವು ಶನಿವಾರಗಳ ಮಧ್ಯಾಹ್ನ ಮಗನನ್ನೂ ಅಲ್ಲಿಗೆ ಕರೆದೊಯ್ಯತೊಡಗಿದರು. ಯಾರೋ ತಂದುಕೊಟ್ಟ ಒಂದು ಫ್ಲಾಪಿಯಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯ’ ಎಂಬ ಆಟವಿದ್ದಿತು. ಕಿತ್ತಳೆ ಬಣ್ಣವೊಂದನ್ನುಳಿದು ಬೇರೆ ಬಣ್ಣವನ್ನರಿಯದ ತೆರೆಯ ಮೇಲೆ ಒಬ್ಬ ಯುವಕನು ಓಡುವನು, ಹಾರುವನು, ಕಂದಕದ ಅಂಚನ್ನು ಹಿಡಿದು ಜೋತುಬಿದ್ದು ಮೇಲಕ್ಕೇರುವನು. ತಂದೆಮಕ್ಕಳು ಒಂದೇ ಕೀಲಿಮಣೆಯ ಮುಂದೆ ಕುಳಿತು ಆಡುವರು. ಕಾವಲುಗಾರನಿಗೆ ಕೇಳಿಸೀತೆಂದು ಯಂತ್ರದ ಧ್ವನಿಯನ್ನು ಅಡಗಿಸಿಬಿಡುವರು. ಎರಡು ವರ್ಷಗಳ ಕಾಲ ಇದು ನಡೆಯಿತು. ಆಮೇಲೆ ಕಚೇರಿಯ ಯಂತ್ರವು ಬದಲಾಯಿತು, ಮಗನ ಓದು ಬೆಳೆಯಿತು, ಆಟವು ನಿಂತಿತು.

ಈ ಆಟದ ಹುಟ್ಟು ಬಹು ಸ್ವಾರಸ್ಯವಾದುದು. ಅದನ್ನು ರಚಿಸಿದವನು ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ ‘ಕರಾಟೆಕ’ ಎಂಬ ಆಟವನ್ನು ಬರೆದು ಹೆಸರಾದವನು. ಈ ಎರಡನೆಯ ಆಟಕ್ಕಾಗಿ ಅವನು ೧೯೮೫ರಲ್ಲಿ ತನ್ನ ತಮ್ಮನಾದ ಡೇವಿಡ್ಡನನ್ನು ಬಯಲಿನಲ್ಲಿ ಓಡಿಸಿ, ಹಾರಿಸಿ, ಗೋಡೆಯನ್ನು ಹತ್ತಿಸಿ ವಿಡಿಯೋ ಚಿತ್ರವನ್ನು ತೆಗೆದನು. ಬಳಿಕ ಆ ಚಿತ್ರವನ್ನು ತುಣುಕು ತುಣುಕಾಗಿ ಬಿಡಿಸಿ, ಪ್ರತಿಯೊಂದು ಭಂಗಿಯನ್ನೂ ಕಂಪ್ಯೂಟರಿಗೆ ಇಳಿಸಿದನು. ಕತ್ತಿವರಸೆಗೆ ೧೯೩೮ರ ‘ರಾಬಿನ್ ಹುಡ್’ ಚಲಚ್ಚಿತ್ರದಲ್ಲಿ ಎರಾಲ್ ಫ್ಲಿನ್ ಮತ್ತು ಬೇಸಿಲ್ ರಾತ್‌ಬೋನ್ ಕಾದಾಡುವ ದೃಶ್ಯವು ಆಧಾರವಾಯಿತು. ಸಂಗೀತವನ್ನು ರಚಿಸಿದವರು ಅವನ ತಂದೆ ಫ್ರಾನ್ಸಿಸ್ ಮೆಕ್ನರ್. ಅವರು ವೃತ್ತಿಯಲ್ಲಿ ಮನಶ್ಶಾಸ್ತ್ರಜ್ಞರು. ಹೀಗೆ ಅಣ್ಣನ ಬುದ್ಧಿ, ತಮ್ಮನ ಮೈ, ತಂದೆಯ ಕಿವಿ ಈ ಮೂರೂ ಕೂಡಿ ೧೯೮೯ರಲ್ಲಿ ಆಪಲ್ ಟು ಎಂಬ ಯಂತ್ರಕ್ಕಾಗಿ ಆಟವು ಹೊರಬಂದಿತು. ಆ ಹೊತ್ತಿಗೆ ಆಪಲ್ ಟು ಹಳೆಯ ಯಂತ್ರವಾಗಿದ್ದಿತು. ೧೯೯೦ರಲ್ಲಿ ಐ.ಬಿ.ಎಂ. ಮಾದರಿಯ ಯಂತ್ರಗಳಿಗೂ ಅದನ್ನು ಅಳವಡಿಸಿದ ಮೇಲೆಯೇ ಅದರ ಕೀರ್ತಿಯು ಹಬ್ಬಿದುದು. ಮನೆಮಂದಿ ಸೇರಿ ಮಾಡಿದ ಆಟವೊಂದು ಹೀಗೆ ಸಮುದ್ರವನ್ನು ದಾಟಿ ಬೆಂಗಳೂರಿನ ತಂದೆಮಕ್ಕಳ ಮುಂದೆ ಬಂದು ನಿಂತಿತು.

ಆಟದ ಕಥೆಯು ಸರಳವಾದುದು. ಜಾಫರನೆಂಬ ದುಷ್ಟ ಮಂತ್ರಿಯು ರಾಜಕುಮಾರಿಯನ್ನು ಸೆರೆಯಲ್ಲಿಟ್ಟು, ಒಂದು ಗಂಟೆಯೊಳಗೆ ತನ್ನನ್ನು ವರಿಸಬೇಕು, ಇಲ್ಲವೆ ಸಾಯಬೇಕು ಎಂದು ಮರಳಿನ ಗಡಿಯಾರವನ್ನು ತಿರುಗಿಸಿಡುತ್ತಾನೆ. ನೆಲಮಾಳಿಗೆಯಲ್ಲಿ ಬಿದ್ದಿರುವ ನಾಯಕನು ಅರುವತ್ತು ನಿಮಿಷಗಳೊಳಗೆ ಅರಮನೆಯ ತುದಿಗೇರಬೇಕು. ದಾರಿಯಲ್ಲಿ ಒಂದು ಕನ್ನಡಿ. ಅದನ್ನು ಹಾರಿ ಭೇದಿಸಿಕೊಂಡು ಹೋದಲ್ಲದೆ ಮುಂದೆ ದಾರಿಯಿಲ್ಲ. ಹಾರಿದೊಡನೆ ಕನ್ನಡಿಯ ಆ ಮಗ್ಗುಲಿನಿಂದ ಅವನದೇ ನೆರಳೊಂದು ಹೊರಬಿದ್ದು ಓಡಿಹೋಗುತ್ತದೆ. ಅಂದಿನಿಂದ ಅದು ಅವನಿಗೆ ಶತ್ರು. ಅವನು ಕುಡಿಯಬೇಕಾದ ಔಷಧವನ್ನು ತಾನು ಕುಡಿಯುತ್ತದೆ, ಅವನು ದಾಟಬೇಕಾದ ಬಾಗಿಲನ್ನು ಮುಚ್ಚುತ್ತದೆ. ಈ ನೆರಳು ಹುಟ್ಟಿದ ಬಗೆಯನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ನಾಯಕನ ಭಂಗಿಗಳೇ ಯಂತ್ರದ ಸ್ಮರಣೆಯನ್ನೆಲ್ಲ ತುಂಬಿಕೊಂಡುಬಿಟ್ಟಿದ್ದುವು. ಬೇರೊಬ್ಬ ಪಾತ್ರಕ್ಕೆ ಎಡೆಯಿರಲಿಲ್ಲ. ಆಗ ಮೆಕ್ನರನು ನಾಯಕನ ಚಿತ್ರವನ್ನೇ ಒಂದು ಚುಕ್ಕೆಯಷ್ಟು ಸರಿಸಿ ಅದರ ಮೇಲೆಯೇ ಹೇರಿ, ಒಂದನ್ನೊಂದು ಅಳಿಸುವಂತೆ ಮಾಡಿದನು. ಮಿನುಗುವ ಹೊರರೇಖೆಯೊಂದು ಉಳಿಯಿತು. ಅದೇ ನೆರಳಿನವನು. ಸ್ಥಳವಿಲ್ಲದುದರಿಂದ ಹುಟ್ಟಿದ ಪಾತ್ರವೇ ಆಟದ ಜೀವವಾಯಿತು. ಬಡವರ ಮನೆಯಲ್ಲಿ ಇದ್ದುದರಲ್ಲಿಯೇ ಹಬ್ಬವನ್ನು ಮಾಡುವ ಗೃಹಿಣಿಯರಿಗೆ ಈ ಯುಕ್ತಿಯ ಬೆಲೆಯು ತಿಳಿದೀತು.

ಯಂತ್ರದ ಬಡತನವು ಆಟದ ರೂಪವನ್ನು ತಿದ್ದಿತೆಂಬ ಈ ಸಂಗತಿಯೇ ಗೃಹಸ್ಥರನ್ನು ಹಳೆಯ ಯಂತ್ರದ ಕಡೆಗೆ ಎಳೆದುದು. ಅವರು ಇದನ್ನು ಮಗಳಿಗೆ ವಿವರಿಸಿ ಹೇಳಿದಾಗ ಆಕೆ ಎರಡು ನಿಮಿಷಗಳಲ್ಲಿ ಅದೇ ಆಟವನ್ನು ತನ್ನ ಪುಸ್ತಕದಷ್ಟು ಗಾತ್ರದ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದಳು. “ಇಲ್ಲೇ ಇದೆಯಲ್ಲ ಅಪ್ಪ, ಇದಕ್ಕೆ ಅಷ್ಟು ದೊಡ್ಡ ಡಬ್ಬ ಯಾಕೆ?” ಎಂದಳು. ಮಗುವಿನ ಮಾತಿನಲ್ಲಿ ತಪ್ಪಿರಲಿಲ್ಲ. ಹೊಸ ಯಂತ್ರವು ಹಳೆಯ ಯಂತ್ರದಂತೆ ನಟಿಸುವ ತಂತ್ರಾಂಶಗಳು ಬಹಳ ಕಾಲದಿಂದ ಇವೆ. ಡಾಸ್‌ಬಾಕ್ಸ್ ಎಂಬುದು ೨೦೦೨ರಿಂದ ದೊರೆಯುತ್ತಿದೆ, ಬೆಲೆಯಿಲ್ಲ. ಇವುಗಳನ್ನು ಹಳಿಯುವುದು ಕೃತಘ್ನತೆ. ಮೂಲ ಗುಡಿಯು ಬಿದ್ದಿರುವಾಗ ಪೂಜೆಯು ನಿಲ್ಲದಂತೆ ನೋಡಿಕೊಂಡ ಬಾಲಾಲಯಗಳಿವು. ಇವಿಲ್ಲದಿದ್ದರೆ ಎಷ್ಟೋ ಆಟಗಳನ್ನು ಜನರು ಇಷ್ಟುಹೊತ್ತಿಗೆ ಮರೆತುಬಿಡುತ್ತಿದ್ದರು. ಆದರೆ ಬಾಲಾಲಯವಿದೆಯೆಂದು ಮೂಲಾಲಯದ ಕೆಲಸವನ್ನು ಕೈಬಿಡುವುದು ಸಲ್ಲದು. ಆ ಚಿಕ್ಕ ಗುಡಿಯನ್ನು ಕಟ್ಟುವ ಅಳತೆಯೂ ದೊಡ್ಡ ಗುಡಿಯಿಂದಲೇ ಬರಬೇಕಷ್ಟೆ. ನಟಿಸುವ ಯಂತ್ರವು ಸರಿಯಾಗಿ ನಟಿಸುತ್ತಿದೆಯೆ ಇಲ್ಲವೆ ಎಂದು ನೋಡಬೇಕಾದರೆ ಎಲ್ಲಿಯೋ ಒಂದು ಕಡೆ ನಿಜವಾದ ಯಂತ್ರವು ಉಸಿರಾಡುತ್ತಿರಬೇಕು.

ಅಂಗಾಂಗಗಳ ಬೇಟೆಯು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಆರಂಭವಾಯಿತು. ಎಸ್.ಪಿ. ರೋಡೆಂದರೆ ಮಕ್ಕಳಿಗೂ ಗೊತ್ತು. ವಿದ್ಯುತ್ ಉಪಕರಣಗಳಲ್ಲಿ ಅಲ್ಲಿ ದೊರೆಯದುದಿಲ್ಲವೆಂಬ ಖ್ಯಾತಿ. ಆದರೆ ಹೊಸದನ್ನು ಮಾರುವ ಅಂಗಡಿಯವರು ಇವರ ಪಟ್ಟಿಯನ್ನು ನೋಡಿ ಕನಿಕರದಿಂದ ತಲೆಯಾಡಿಸಿದರು. ಗುಜರಿಯವರ ರಾಶಿಗಳಲ್ಲಿ ಮೂರು ತಿಂಗಳು ಕೈಯಾಡಿಸಿದ ಮೇಲೆ ಒಂದು ೪೮೬ ಮದರ್‌ಬೋರ್ಡು ದೊರೆಯಿತು. ಚಿನ್ನದ ಲೇಪವಿರುವ ಚಿಪ್ಪುಗಳನ್ನು ಕಿತ್ತು ಕರಗಿಸುವವರ ಕೈಗೆ ಅದು ಇನ್ನೂ ಬಿದ್ದಿರಲಿಲ್ಲವೆಂಬುದೇ ಭಾಗ್ಯ. ತೂಕದ ಲೆಕ್ಕದಲ್ಲಿ ಅದಕ್ಕೆ ಬೆಲೆ ಕಟ್ಟಿದರು. ಮನೆಗೆ ತಂದು ದೀಪದ ಕೆಳಗೆ ಹಿಡಿದಾಗ ಒಂದು ಮೂಲೆಯಲ್ಲಿ ಹಸುರು ಕಿಲುಬು ಹಬ್ಬಿದ್ದುದು ಕಂಡಿತು.

ಈ ಹಳೆಯ ಬೋರ್ಡುಗಳ ಮೃತ್ಯುವು ಅವುಗಳ ಮೈಮೇಲೆಯೇ ಕುಳಿತಿರುತ್ತದೆ. ಯಂತ್ರವು ಆರಿರುವಾಗಲೂ ದಿನ ಹೊತ್ತುಗಳನ್ನು ನೆನಪಿಟ್ಟುಕೊಳ್ಳಲೆಂದು ೩.೬ ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯೊಂದನ್ನು ಬೋರ್ಡಿಗೆ ಬೆಸೆದಿಡುತ್ತಿದ್ದರು. ವರ್ಷಗಳು ಕಳೆದಂತೆ ಅದು ಸೋರಿ, ಒಳಗಿನ ಕ್ಷಾರವು ಕೂದಲೆಳೆಯಂಥ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ನೆನಪನ್ನು ಕಾಯಲು ಇಟ್ಟುದೇ ನೆನಪಿನ ದಾರಿಯನ್ನು ಕಡಿಯುವುದು ವಿಧಿಯ ವಿನೋದವಲ್ಲದೆ ಮತ್ತೇನು? ಕ್ಷಾರಕ್ಕೆ ಆಮ್ಲವೇ ಮದ್ದು. ಗೃಹಸ್ಥರು ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಅಡುಗೆಮನೆಯಿಂದ ನಿಂಬೆಹಣ್ಣುಗಳನ್ನು ಎತ್ತಿಕೊಂಡು ಬಂದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ರಸವನ್ನು ಸವರಿ ಉಜ್ಜತೊಡಗಿದರು. “ಉಪ್ಪಿನಕಾಯಿಗೆ ತಂದಿದ್ದ ನಿಂಬೆಹಣ್ಣುರೀ ಅದು!” ಎಂದು ಪತ್ನಿಯು ಆಕ್ಷೇಪಿಸಿದರೂ ಮತ್ತೆರಡನ್ನು ತಾವೇ ತಂದು ಹೆಚ್ಚಿಕೊಟ್ಟರು. ಬಳಿಕ ಶುದ್ಧವಾದ ನೀರಿನಿಂದಲೂ ಸ್ಪಿರಿಟ್ಟಿನಿಂದಲೂ ತೊಳೆದು ಒಣಗಿಸಿದುದಾಯಿತು. ಭೂತಗನ್ನಡಿಯಿಂದ ನೋಡಿದರೆ ನಾಲ್ಕು ಗೆರೆಗಳು ತುಂಡಾಗಿದ್ದುವು. ಅವುಗಳಿಗೆ ಬದಲಾಗಿ ತಲೆಗೂದಲಿನಂಥ ತಂತಿಗಳನ್ನು ಬೆಸೆಯಲು ಎರಡು ಭಾನುವಾರಗಳು ಹಿಡಿದುವು. ಒಣಗಿದ ಕೆಪಾಸಿಟರುಗಳನ್ನು ತೆಗೆದು ಅದೇ ಅಳತೆಯ ಹೊಸವನ್ನು ಹಾಕಲು ಇನ್ನೆರಡು.

ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಾಯಿಸಬಹುದು ಎಂಬ ವಿವೇಚನೆಯು ಇಲ್ಲಿಂದ ಮುಂದೆ ಹೆಜ್ಜೆಹೆಜ್ಜೆಗೂ ಬೇಕಾಯಿತು. ಆ ಕಾಲದ ಹಾರ್ಡ್‌ಡಿಸ್ಕುಗಳು ತಿರುಗುವ ತಟ್ಟೆಗಳು. ಮೂವತ್ತು ವರ್ಷಗಳ ಬಳಿಕ ಅವುಗಳನ್ನು ನಂಬುವುದು ತೂತುಬಿದ್ದ ದೋಣಿಯನ್ನು ನಂಬಿದಂತೆ. ಅದಕ್ಕೆ ಬದಲಾಗಿ ಕ್ಯಾಮರಾಗಳಲ್ಲಿ ಉಪಯೋಗಿಸುತ್ತಿದ್ದ ಬೆಂಕಿಪೆಟ್ಟಿಗೆಯಷ್ಟಗಲದ ಒಂದು ಸ್ಮರಣಪತ್ರವನ್ನು ಅಳವಡಿಸಿದರು. ಯಂತ್ರಕ್ಕೆ ವ್ಯತ್ಯಾಸವು ತಿಳಿಯಲಿಲ್ಲ. ಆದರೆ ತೆರೆಯ ವಿಷಯದಲ್ಲಿ ಅವರು ಒಪ್ಪಲಿಲ್ಲ. ಇಂದಿನ ಚಪ್ಪಟೆ ತೆರೆಗಳಲ್ಲಿ ಚುಕ್ಕೆಯೊಂದೊಂದೂ ಇಟ್ಟಿಗೆಯಂತೆ ಚೌಕವಾಗಿ ನಿಲ್ಲುತ್ತದೆ. ಹಳೆಯ ಗಾಜಿನ ತೆರೆಯ ಮೇಲೆ ಎಲೆಕ್ಟ್ರಾನುಗಳ ಕಿರಣವು ಬರೆದ ಚುಕ್ಕೆಯು ಅಂಚಿನಲ್ಲಿ ಕರಗಿ ಪಕ್ಕದ ಚುಕ್ಕೆಯೊಡನೆ ಬೆರೆಯುತ್ತದೆ. ಅಂದಿನ ಚಿತ್ರಕಾರರು ಆ ಬೆರಕೆಯನ್ನು ನೆಚ್ಚಿಯೇ ಬಣ್ಣವನ್ನಿಟ್ಟವರು. ಆದುದರಿಂದ ಮುಚ್ಚಿಹೋದ ಒಂದು ಟೈಪಿಂಗ್ ಶಾಲೆಯಿಂದ ಹದಿನಾಲ್ಕು ಇಂಚಿನ ಗಾಜಿನ ಮಾನಿಟರನ್ನು ಆಟೋರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅದರ ಬೆನ್ನನ್ನು ಮಾತ್ರ ತಾವು ತೆರೆಯದೆ ಬಲ್ಲವರ ಕೈಗೆ ಒಪ್ಪಿಸಿದರು. ಬಣ್ಣದ ಮಾನಿಟರಿನೊಳಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡವಿದ್ದು, ಆರಿಸಿದ ಮೇಲೆಯೂ ಅದು ಅಡಗಿ ಕುಳಿತಿರಬಹುದು. ಹವ್ಯಾಸಕ್ಕಾಗಿ ಪ್ರಾಣವನ್ನು ಕೊಡುವುದು ಜಾಣತನವಲ್ಲ.

ಇನ್ನು ಸಂಗೀತದ ಮಾತು. ಐ.ಬಿ.ಎಂ. ಯಂತ್ರವು ೧೯೮೧ರಲ್ಲಿ ಹುಟ್ಟಿದಾಗ ಅದರ ಕಂಠದಲ್ಲಿ ಒಂದೇ ಸ್ವರದ ಪೀಪಿಯಲ್ಲದೆ ಬೇರೇನೂ ಇರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಜ್ಞನು ೧೯೬೭ರಲ್ಲಿ ಒಂದು ತರಂಗವನ್ನು ಇನ್ನೊಂದು ತರಂಗದಿಂದ ನಡುಗಿಸಿದರೆ ಗಂಟೆ, ಕೊಳಲು, ತಂತಿವಾದ್ಯಗಳನ್ನು ಹೋಲುವ ನಾದಗಳು ಹುಟ್ಟುವುವೆಂದು ಕಂಡುಹಿಡಿದನು. ಜಪಾನಿನ ಯಮಾಹ ಸಂಸ್ಥೆಯವರು ಆ ವಿದ್ಯೆಯನ್ನು ಚಿಪ್ಪಿಗೆ ಇಳಿಸಿದರು. ಆ ಚಿಪ್ಪನ್ನು ಇಟ್ಟುಕೊಂಡು ಕೆನಡಾ ದೇಶದ ಆಡ್‌ಲಿಬ್ ಎಂಬ ಸಂಸ್ಥೆಯು ೧೯೮೭ರಲ್ಲಿಯೂ, ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯು ಸೌಂಡ್ ಬ್ಲಾಸ್ಟರ್ ಎಂಬ ಹೆಸರಿನಿಂದ ೧೯೮೯ರಲ್ಲಿಯೂ ಯಂತ್ರಕ್ಕೆ ಸಿಕ್ಕಿಸುವ ಧ್ವನಿಫಲಕಗಳನ್ನು ಮಾರಿದುವು. ಗೃಹಸ್ಥರಿಗೆ ಅಂಥದೊಂದು ದೊರೆಯಿತು. ಅದನ್ನು ಸಿಕ್ಕಿಸಿದ ಮಾತ್ರಕ್ಕೆ ಅದು ಹಾಡುವುದಿಲ್ಲ. ಅದು ಇರುವ ವಿಳಾಸ ಇಂಥದು, ಅದು ಕರೆದಾಗ ಯಂತ್ರವು ಓಗೊಡಬೇಕಾದ ಸಂಖ್ಯೆ ಇಂಥದು ಎಂದು ಪುಟ್ಟ ಪುಟ್ಟ ಕೊಕ್ಕೆಗಳನ್ನು ಕೈಯಿಂದ ಸರಿಸಿ ಗೊತ್ತುಮಾಡಬೇಕು. ಆ ಯಂತ್ರದಲ್ಲಿ ೬೪೦ ಕಿಲೋಬೈಟುಗಳ ಒಂದು ಅಂಗಳವಿದೆ. ಉಳಿದ ಸ್ಮರಣೆಯು ಎಷ್ಟಿದ್ದರೂ ಹಳೆಯ ಆಟಗಳು ಬಹುಮಟ್ಟಿಗೆ ಆ ಅಂಗಳದಲ್ಲಿಯೇ ಆಡಬೇಕು. ಯಾವ ಸಹಾಯಕ ತಂತ್ರಾಂಶವನ್ನು ಒಳಗೆ ಬಿಡಬೇಕು, ಯಾವುದನ್ನು ಜಗಲಿಯಲ್ಲಿಯೇ ಕೂರಿಸಬೇಕು ಎಂದು ಸಾಲುಸಾಲಾಗಿ ಬರೆದುಕೊಡಬೇಕು. ಮದುವೆಮನೆಯಲ್ಲಿ ಪಂಕ್ತಿಯನ್ನು ಕೂರಿಸಿದವರಿಗೆ ಈ ಸಂಕಟವು ಹೊಸದಲ್ಲ.

ಯಂತ್ರವು ಸಿದ್ಧವಾಗುತ್ತ ಬಂದಾಗ ತಂದೆಯವರ ಫ್ಲಾಪಿಯು ಎಲ್ಲಿಯಾದರೂ ಉಳಿದಿರಬಹುದೆ ಎಂಬ ಆಸೆ ಹುಟ್ಟಿತು. ಇಂಥ ಆಸೆಗೆ ಆಧಾರವಿಲ್ಲದೆ ಇಲ್ಲ. ಮೆಕ್ನರನ ಕೈಯಿಂದಲೇ ಆಟದ ಮೂಲಗ್ರಂಥವು, ಎಂದರೆ ಅವನು ಸಾಲುಸಾಲಾಗಿ ಬರೆದ ಕ್ರಮವಿಧಿಯು, ಕಳೆದುಹೋಗಿದ್ದಿತು. ೨೦೧೨ರಲ್ಲಿ ಅವನ ತಂದೆಯು ಮನೆಯ ಕಪಾಟನ್ನು ಚೊಕ್ಕಟಮಾಡುವಾಗ ಒಂದು ಪೆಟ್ಟಿಗೆಯಲ್ಲಿ ಆ ಫ್ಲಾಪಿಗಳು ಸಿಕ್ಕಿದುವು. ಇಪ್ಪತ್ತು ವರ್ಷಕ್ಕೂ ಮೀರಿ ಹಳೆಯವಾದ ಅವುಗಳನ್ನು ಜೇಸನ್ ಸ್ಕಾಟ್, ಟೋನಿ ಡಯಾಸ್ ಎಂಬ ಇಬ್ಬರು ತಜ್ಞರು ಹಳೆಯ ಯಂತ್ರಗಳ ಸಹಾಯದಿಂದ ಓದಿ ತೆಗೆದರು. ಮೆಕ್ನರನು ಅದನ್ನು ಎಲ್ಲರಿಗೂ ದೊರೆಯುವಂತೆ ಪ್ರಕಟಿಸಿದನು. ಇದನ್ನು ಕೇಳಿದಾಗ ಮೈಸೂರಿನವರಿಗೆ ೧೯೦೫ರ ನೆನಪು ಬಾರದಿರದು. ತಂಜಾವೂರು ಪ್ರಾಂತದ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ಓಲೆಗಳ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದುದೂ, ೧೯೦೯ರಲ್ಲಿ ಅದನ್ನು ಅಚ್ಚುಹಾಕಿಸಿದುದೂ ನಮ್ಮ ನಾಡಿನ ಹೆಮ್ಮೆಯ ಸಂಗತಿ. ಆಟವೆಲ್ಲಿ, ಅರ್ಥಶಾಸ್ತ್ರವೆಲ್ಲಿ ಎಂದು ಯಾರಾದರೂ ಕೇಳಿಯಾರು. ಯೋಗ್ಯತೆಯಲ್ಲಿ ಹೋಲಿಕೆಯಿಲ್ಲ, ನಿಜ. ಆದರೆ ಓಲೆಯಾಗಲಿ ಫ್ಲಾಪಿಯಾಗಲಿ, ಅದನ್ನು ಎಸೆಯದೆ ಇಟ್ಟುಕೊಂಡ ಕೈಯೊಂದು, ಓದಲು ಬಲ್ಲ ಕಣ್ಣೊಂದು, ಈ ಎರಡೂ ಕೂಡಿದಲ್ಲದೆ ಯಾವುದೂ ಉಳಿಯುವುದಿಲ್ಲ.

ಗೃಹಸ್ಥರ ತಾಯಿಯವರು ಟ್ರಂಕಿನಿಂದ ವಿಮೆಯ ರಶೀತಿಗಳ ಅಡಿಯಲ್ಲಿದ್ದ ಒಂದು ಲಕೋಟೆಯನ್ನು ತೆಗೆದುಕೊಟ್ಟರು. ಅದರಲ್ಲಿ ಫ್ಲಾಪಿಯಿದ್ದಿತು. ಮಳೆಗಾಲಗಳ ತೇವಕ್ಕೆ ಅದರ ತಟ್ಟೆಯ ಮೇಲೆ ಬೂಷ್ಟು ಹೂವಿನಂತೆ ಅರಳಿದ್ದಿತು. ಎಷ್ಟು ಒರಸಿದರೂ ಯಂತ್ರವು ಓದಲೊಲ್ಲದು. ಆಟವನ್ನು ಬೇರೆ ಕಡೆಯಿಂದಲೇ ಪಡೆಯಬೇಕಾಯಿತು. ಆದರೆ ಲಕೋಟೆಯಲ್ಲಿ ಮತ್ತೂ ಒಂದು ವಸ್ತುವಿದ್ದಿತು. ಉಪಯೋಗಿಸಿ ಬಿಟ್ಟ ಲೆಕ್ಕದ ಹಾಳೆಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದ ಅರಮನೆಯ ನಕ್ಷೆ. ಕೊಠಡಿಗೊಂದು ಚೌಕ, ಬಾಗಿಲಿಗೊಂದು ಗೆರೆ. ಅಲ್ಲಲ್ಲಿ ದುಂಡಾದ ಕನ್ನಡ ಅಕ್ಷರಗಳಲ್ಲಿ ಟಿಪ್ಪಣಿ: ‘ಇಲ್ಲಿ ನೆಲ ಕುಸಿಯುತ್ತದೆ’, ‘ಕತ್ತರಿ, ಎಣಿಸಿಕೊಂಡು ದಾಟುವುದು’, ‘ಈ ಸೀಸೆ ವಿಷ’. ಹನ್ನೊಂದು ಹಂತಗಳ ನಕ್ಷೆಯು ಪೂರ್ಣವಾಗಿದ್ದಿತು. ಹನ್ನೆರಡನೆಯದರಲ್ಲಿ ಅರ್ಧಕ್ಕೆ ಗೆರೆ ನಿಂತು, ಪಕ್ಕದಲ್ಲಿ ಹೀಗೆ ಬರೆದಿದ್ದಿತು: ‘ನೆರಳಿನವನು. ಹೊಡೆದರೆ ನಾವೇ ಸಾಯುತ್ತೇವೆ. ಉಪಾಯ?’

ಗೃಹಸ್ಥರು ಆ ಹಾಳೆಯನ್ನು ಹಿಂದೆಂ‌ದೂ ಕಂಡಿರಲಿಲ್ಲ. ತಾಯಿಯವರು ಹೇಳಿದರು: “ನಿಮ್ಮಪ್ಪನಿಗೆ ಆಟ ಅಂದ್ರೆ ಅಷ್ಟಕ್ಕಷ್ಟೆ ಕಣೋ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಬ್ಬರೇ ಕೂತು ಕಲಿತುಕೊಂಡು ಇದನ್ನ ಬರೀತಿದ್ದರು. ಶನಿವಾರ ನೀನು ಕೇಳಿದರೆ ದಾರಿ ಗೊತ್ತಿರಬೇಕಲ್ಲ, ಅದಕ್ಕೆ.” ಗೃಹಸ್ಥರಿಗೆ ಆ ಉಪಾಯವು ಕಾಲೇಜಿನ ಹಾಸ್ಟೆಲಿನಲ್ಲಿದ್ದಾಗಲೇ ಗೆಳೆಯರಿಂದ ತಿಳಿದಿದ್ದಿತು. ಊರಿಗೆ ಬಂದಾಗ ತಂದೆಗೆ ಹೇಳಬೇಕೆಂದೂ ಇದ್ದಿತು. ಆದರೆ ಅಷ್ಟರಲ್ಲಿ ಮಾತಿಗೆ ಬೇರೆ ವಿಷಯಗಳು ಬಂದಿದ್ದುವು: ಪರೀಕ್ಷೆ, ನೌಕರಿ, ಮನೆಯ ಸಾಲ. ಆಟದ ಮಾತನ್ನು ದೊಡ್ಡವರ ಮುಂದೆ ಎತ್ತುವುದೇನೆಂದು ಅದು ಹಾಗೆಯೇ ಉಳಿಯಿತು. ಅವರು ಹಾಳೆಯನ್ನು ಮಡಿಸಿ ಬಹಳ ಹೊತ್ತು ಕೈಯಲ್ಲಿಯೇ ಹಿಡಿದುಕೊಂಡಿದ್ದರು.

ಕೊನೆಗೆ ಒಂದು ಸಂಜೆ ಯಂತ್ರವು ಎದ್ದಿತು. ಸ್ಮರಣೆಯನ್ನು ಎಣಿಸಿಕೊಂಡು, ಒಂದು ಸಲ ಪೀಪಿಯನ್ನೂದಿ, ಆಟವನ್ನು ತೆರೆಯಿತು. ಮರುಗಳಿಗೆಯಲ್ಲಿಯೇ ಗೃಹಸ್ಥರ ಮುಖವು ಕುಂದಿತು. ತೆರೆಯಲ್ಲಿ ನೀಲಿಯಿದ್ದಿತು, ಕೆಂಪಿದ್ದಿತು. ಅವರ ನೆನಪಿನಲ್ಲಿದ್ದುದು ಕಿತ್ತಳೆಯ ಅರಮನೆ. ಓಟವು ಅದೇ, ನೆಗೆತವು ಅದೇ. ಆದರೆ ಕೀಲಿಮಣೆಯ ಬಲಗಡೆ ಕುಳಿತವರಿಲ್ಲ. ಶನಿವಾರದ ಆ ಮಧ್ಯಾಹ್ನವು ಯಾವ ಬೆಸುಗೆಗೂ ಬಗ್ಗಲಿಲ್ಲ. ಆದರೆ ಅಷ್ಟರಲ್ಲಿ ಸಂಗೀತವು ಕೇಳಿಬಂದಿತು. ಮುದುಕ ಮೆಕ್ನರರು ಮಗನ ಆಟಕ್ಕಾಗಿ ಹೊಸೆದ ಸ್ವರಗಳು. ಕಾವಲುಗಾರನ ಭಯದಿಂದ ಧ್ವನಿಯನ್ನು ಅಡಗಿಸಿ ಆಡಿದ್ದ ಇವರು ಎರಡು ವರ್ಷಗಳಲ್ಲಿ ಒಮ್ಮೆಯೂ ಅದನ್ನು ಕೇಳಿರಲಿಲ್ಲ. ಹಳೆಯದನ್ನು ಹುಡುಕಿಕೊಂಡು ಹೋದವರಿಗೆ ಹಳೆಯದು ಸಿಕ್ಕಲಿಲ್ಲ. ಹಳೆಯದರೊಳಗೆ ತಾವು ಕಾಣದೆ ಬಿಟ್ಟಿದ್ದುದು ಸಿಕ್ಕಿತು.

ಅಂದಿನಿಂದ ಆಡಿದವಳು ಮಗಳು. ತಾತನ ನಕ್ಷೆಯನ್ನು ಮುಂದಿಟ್ಟುಕೊಂಡು, ಅವರ ಟಿಪ್ಪಣಿಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತ, ದಿನಕ್ಕೆ ಅರ್ಧ ಗಂಟೆಯಂತೆ ಅಭ್ಯಾಸಮಾಡಿದಳು. ‘ಎಣಿಸಿಕೊಂಡು ದಾಟುವುದು’ ಎಂದಲ್ಲಿ ಎಣಿಸಿದಳು. ‘ವಿಷ’ ಎಂದಲ್ಲಿ ಮುಟ್ಟಲಿಲ್ಲ. ಆರು ವಾರಗಳಲ್ಲಿ ಹನ್ನೆರಡನೆಯ ಹಂತಕ್ಕೆ ಬಂದಳು. ನೆರಳಿನವನು ಎದುರು ನಿಂತನು. ಆಕೆ ಕತ್ತಿಯನ್ನು ಎಳೆದಳು, ಅವನೂ ಎಳೆದನು. ಆಕೆ ಹೊಡೆದಳು, ಪೆಟ್ಟು ಅವನಿಗೆ ಬಿದ್ದಿತು, ಪ್ರಾಣವು ತನ್ನದೇ ಕಡಿಮೆಯಾಯಿತು. ಮೂರು ದಿನ ಹೀಗೆಯೇ ಸತ್ತಳು. “ಅಪ್ಪ, ನಿಮಗೆ ಗೊತ್ತಿದೆ ಅಲ್ವಾ? ಹೇಳಿ” ಎಂದು ಪೀಡಿಸಿದಳು. ಅವರಿಗೆ ಹೇಳಬೇಕೆಂಬ ಆತುರವು ಗಂಟಲವರೆಗೆ ಬಂದಿದ್ದಿತು. ಆದರೂ, “ತಾತ ಏನು ಬರೆದಿದ್ದಾರೆ ಅಂತ ಇನ್ನೊಂದು ಸಲ ಓದು” ಎಂದಷ್ಟೇ ಹೇಳಿದರು. ಆಕೆ ಓದಿದಳು: ‘ಹೊಡೆದರೆ ನಾವೇ ಸಾಯುತ್ತೇವೆ.’ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಹೊಡೆಯಲೇಬಾರದು” ಎಂದು ತನಗೆ ತಾನೇ ಹೇಳಿಕೊಂಡು, ಕತ್ತಿಯನ್ನು ಒರೆಗೆ ಸೇರಿಸಿದಳು. ನೆರಳಿನವನೂ ಸೇರಿಸಿದನು. ಇಬ್ಬರೂ ಎದುರುಬದುರಾಗಿ ನಡೆದುಬಂದು ಒಂದಾದರು. ಮುಂದೆ ಬರಿಯ ಶೂನ್ಯ. ಹೆಜ್ಜೆಯಿಟ್ಟಂತೆಲ್ಲ ಅಡಿಯಲ್ಲಿ ನೆಲವು ಮೂಡತೊಡಗಿತು.

ಎರಡೆಂಬ ಭಾವವೇ ಭಯಕ್ಕೆ ಮೂಲವೆಂದು ನಮ್ಮ ಹಿರಿಯರು ಎಷ್ಟೋ ಬಗೆಯಲ್ಲಿ ಸಾರಿದ್ದಾರೆ. ಅಮೆರಿಕದ ತರುಣನಿಗೆ ಆ ಉಪದೇಶವು ತಿಳಿದಿದ್ದಿತೆನ್ನಲು ಆಧಾರವಿಲ್ಲ. ಸ್ಮರಣೆಯ ಕೊರತೆಯಿಂದ ಒಬ್ಬನನ್ನೇ ಇಬ್ಬರನ್ನಾಗಿ ಮಾಡಬೇಕಾಗಿ ಬಂದಾಗ, ಆ ಇಬ್ಬರನ್ನು ಮತ್ತೆ ಒಬ್ಬನನ್ನಾಗಿ ಮಾಡದೆ ಕಥೆಗೆ ಮುಕ್ತಾಯವಿಲ್ಲವೆಂದು ಅವನ ಕೈಗೇ ತೋರಿರಬೇಕು. ಮಿತಿಯೊಳಗೆ ಪ್ರಾಮಾಣಿಕವಾಗಿ ದುಡಿದ ಕೈಗೆ ಇಂಥ ಲಾಭಗಳು ಒದಗುವುದುಂಟು. ಆ ಮಿತಿಯನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ತಿಳಿಯುವುದೇ ಹಳೆಯ ಯಂತ್ರವನ್ನು ಕಟ್ಟುವುದರ ಫಲ. ಕಳೆದ ಕಾಲವನ್ನು ಮರಳಿ ಪಡೆಯುವೆವೆಂದು ಹೊರಟವರು ಬರಿಗೈಯಲ್ಲಿ ಹಿಂದಿರುಗುವರು. ಹಿಂದಿನವರು ಅರ್ಧಕ್ಕೆ ಬಿಟ್ಟ ನಕ್ಷೆಯನ್ನು ಮುಂದಿನವರ ಕೈಗೆ ಓದುವಂತೆ ಒಪ್ಪಿಸಿದರೆ ಅಷ್ಟೇ ಜೀರ್ಣೋದ್ಧಾರ. ಮಗಳು ಆ ರಾತ್ರಿ ಪೆನ್ಸಿಲನ್ನು ತೆಗೆದುಕೊಂಡು ಹನ್ನೆರಡನೆಯ ಹಂತದ ಗೆರೆಯನ್ನು ಪೂರ್ಣಮಾಡಿದಳು. ತಾತನ ಪ್ರಶ್ನೆಯ ಕೆಳಗೆ ತನ್ನ ಮೊನಚು ಅಕ್ಷರಗಳಲ್ಲಿ, ‘ಕತ್ತಿಯನ್ನು ಒಳಗೆ ಹಾಕಬೇಕು ತಾತ’ ಎಂದು ಬರೆದಿಟ್ಟಳು.